ಗ್ರೀನ್‌ವಿಲ್ಲಿನಲ್ಲಿ ಅಥೆನ್ಸಿನ ತಾಳ

ಅಂಚೆಚೀಟಿಯ ಮೇಲೆ ತೆಳ್ಳಗೆ ಗೋಂದು ಸವರಿ ಒಣಗಿಸಬೇಕು. ಲಕೋಟೆ ತಲುಪಿದ ಮೇಲೆ ಆ ಕಡೆಯವರು ಚೀಟಿಯನ್ನು ಜೋಪಾನವಾಗಿ ಬಿಡಿಸಿ ಉತ್ತರದ ಜೊತೆ ವಾಪಸು ಕಳಿಸುತ್ತಾರೆ. ನೀರಿಗೆ ಹಾಕಿದರೆ ಗೋಂದಿನೊಂದಿಗೆ ಅಂಚೆ ಮುದ್ರೆಯೂ ಕರಗಿ, ಅದೇ ಚೀಟಿ ಇನ್ನೊಂದು ಪ್ರಯಾಣಕ್ಕೆ ತಯಾರು. 1980ರ ದಶಕದ ಕೊನೆಗೆ ಕೈಯಲ್ಲಿ ಕಾಸಿಲ್ಲದ ಮೆಟಲ್ ಸಂಗೀತದ ಹುಡುಗರು ಖಂಡದಿಂದ ಖಂಡಕ್ಕೆ ಕ್ಯಾಸೆಟ್ ಕಳಿಸುತ್ತಿದ್ದುದು ಹೀಗೆ. ಅವರು ‘ಅಂಡರ್‌ಗ್ರೌಂಡ್’ ಎನ್ನುತ್ತಿದ್ದುದು ಈ ಲಕೋಟೆಗಳ ಲೋಕವನ್ನೇ. ನನಗೆ ಇದು ಪರಕೀಯ ಅನ್ನಿಸುವುದಿಲ್ಲ. ಅಮೆರಿಕದ ಕೆರೊಲಿನಾಕ್ಕೆ ಬಂದ ಹೊಸತರಲ್ಲಿ ನಾವೂ ಯುಗಾದಿ ಊಟದ ದಿನ ರಾಜ್‌ಕುಮಾರ್ ಹಾಡಿನ ಕ್ಯಾಸೆಟ್ಟುಗಳನ್ನು ಕೈಯಿಂದ ಕೈಗೆ ದಾಟಿಸಿ, ನಕಲು ಮಾಡಿಕೊಂಡು, ಮುಂದಿನ ಹಬ್ಬಕ್ಕೆ ಮರಳಿಸುತ್ತಿದ್ದೆವು.

ಅಂಥ ಲಕೋಟೆಗಳಲ್ಲಿ ಹೊರಬಂದ ಹೆಸರುಗಳಲ್ಲಿ ಮೊದಲು ಹೇಳಬೇಕಾದದ್ದು ಅಥೆನ್ಸಿನ ರಾಟಿಂಗ್ ಕ್ರೈಸ್ಟ್. ಸಾಕಿಸ್ ಮತ್ತು ಥೆಮಿಸ್ ತೋಲಿಸ್ ಎಂಬ ಅಣ್ಣತಮ್ಮಂದಿರು 1987ರಲ್ಲಿ ಕಟ್ಟಿದ ತಂಡ. ಬೆನ್ನಿಗೇ ವಾರಾಥ್ರಾನ್ ಬಂತು, ನೆಕ್ರೊಮಾಂಟಿಯಾ ಬಂತು. ನೆಕ್ರೊಮಾಂಟಿಯಾದವರ ಧೈರ್ಯಕ್ಕೆ ನಾನು ಇವತ್ತಿಗೂ ತಲೆಬಾಗುತ್ತೇನೆ. ಮೆಟಲ್ ಎಂದರೆ ಗಿಟಾರ್ ಎಂದು ಜಗತ್ತೇ ನಂಬಿದ್ದಾಗ ಅವರು ಗಿಟಾರನ್ನು ಹಿಂದಕ್ಕೆ ಸರಿಸಿ, ಎಂಟು ತಂತಿಯದೂ ಸೇರಿ ಎರಡು ಬೇಸ್‌ಗಳ ಮೇಲೆ ಹಾಡು ನಿಲ್ಲಿಸಿದರು. ನೆಲಮಾಳಿಗೆಯಲ್ಲಿ ಯಾರೋ ಭಾರದ ಪೆಟ್ಟಿಗೆ ಎಳೆಯುತ್ತಿರುವಂಥ ನಾದ.

1993ರಲ್ಲಿ ರಾಟಿಂಗ್ ಕ್ರೈಸ್ಟ್‌ನ ಮೊದಲ ಪೂರ್ಣ ಆಲ್ಬಮ್ ‘ದೈ ಮೈಟಿ ಕಾಂಟ್ರಾಕ್ಟ್’ ಫ್ರಾನ್ಸಿನ ಆಸ್ಮೋಸ್ ಕಂಪನಿಯಿಂದ ಹೊರಬಂತು. ಆ ಹೊತ್ತಿಗೆ ನಾರ್ವೆಯ ಹುಡುಗರ ಬ್ಲ್ಯಾಕ್ ಮೆಟಲ್ ಸುದ್ದಿಯಲ್ಲಿತ್ತು. ಅವರದು ಹಿಮಗಾಳಿಯಂತೆ ಚುಚ್ಚುವ ವೇಗ. ಗ್ರೀಕರದು ಬೇರೆ ನಡೆ: ಅಷ್ಟು ಅವಸರವಿಲ್ಲ, ಹಳೆಯ ಹೆವಿ ಮೆಟಲ್‌ನ ರಾಗಛಾಯೆ ಇದೆ, ಕೀಬೋರ್ಡಿನ ಹೊಗೆ ಇದೆ, ತಂತಿಯನ್ನು ಅಂಗೈಯಲ್ಲಿ ಅದುಮಿ ನುಡಿಸುವ ಕುದುರೆ ಓಟ ಇದೆ. ಬೆಚ್ಚಗಿನ ಕತ್ತಲು ಅದು.

ರಾಟಿಂಗ್ ಕ್ರೈಸ್ಟ್, ಅಂದರೆ ‘ಕೊಳೆಯುತ್ತಿರುವ ಕ್ರಿಸ್ತ’, ಎಂಬ ಹೆಸರು ಕೇಳಿಯೇ ಬಾಗಿಲು ಹಾಕಿಕೊಂಡವರು ಬಹಳ. 2005ರಲ್ಲಿ ಅಮೆರಿಕದ ಮೆಟಲ್ ತಂಡ ಮೆಗಾಡೆತ್‌ನ ಡೇವ್ ಮಸ್ಟೇನ್ ಇವರೊಂದಿಗೆ ವೇದಿಕೆ ಹಂಚಿಕೊಳ್ಳಲು ಒಪ್ಪಲಿಲ್ಲ. 2018ರಲ್ಲಿ ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲಿ ಅಣ್ಣತಮ್ಮಂದಿರನ್ನು ಪೊಲೀಸರು ಹಿಡಿದು ಕೂರಿಸಿದರು. ಆದರೆ ಅದೇ ತಂಡದ 2016ರ ‘ರಿಚುವಲ್ಸ್’ ಆಲ್ಬಮ್ಮಿನಲ್ಲಿ ‘ದೇವದೇವಂ’ ಎಂಬ ಹಾಡಿದೆ. ಸಿಂಗಪುರದ ರುದ್ರ ತಂಡದ ಕದಿರ್ ಅದರಲ್ಲಿ ದನಿಗೂಡಿಸಿದ್ದಾರೆ. ಸಂಸ್ಕೃತದ ಮಾತು ಗ್ರೀಕ್ ಗಿಟಾರಿನ ಮೇಲೆ ಕೂತದ್ದನ್ನು ಕೇಳಿದಾಗ ನನಗೆ ಮೈ ಜುಮ್ಮೆಂದಿತ್ತು.

ಹೆಸರಿಗೆ ಹೆದರುವ ಈ ಚಾಳಿಗೆ ನಮ್ಮ ಸೀಮೆಯಲ್ಲೂ ಒಂದು ದೊಡ್ಡ ದಿನ ಇದೆ. 1985ರ ಸೆಪ್ಟೆಂಬರ್ 19ರಂದು ವಾಷಿಂಗ್ಟನ್ನಿನಲ್ಲಿ ಸೆನೆಟ್ ಸಮಿತಿ ರಾಕ್ ಹಾಡುಗಳ ವಿಚಾರಣೆ ನಡೆಸಿತು. ಟಿಪ್ಪರ್ ಗೋರ್ ಮತ್ತು ಇತರ ರಾಜಕಾರಣಿಗಳ ಪತ್ನಿಯರು ಕಟ್ಟಿದ್ದ ಪೋಷಕರ ಸಂಘಟನೆ ಹದಿನೈದು ಹಾಡುಗಳ ಪಟ್ಟಿ ಹಿಡಿದು ಬಂದಿತ್ತು. ಮಾಟಮಂತ್ರದ ಗುರುತು ಹಚ್ಚಿದ ಎರಡು ಹಾಡುಗಳಲ್ಲಿ ಒಂದು ವೆನಮ್ ತಂಡದ್ದು. 1982ರ ತಮ್ಮ ಆಲ್ಬಮ್ಮಿನಿಂದ ಈ ಸಂಗೀತಕ್ಕೆ ‘ಬ್ಲ್ಯಾಕ್ ಮೆಟಲ್’ ಎಂಬ ಹೆಸರು ಕೊಟ್ಟ ಇಂಗ್ಲಿಷ್ ತಂಡವದು. ಸಂಗೀತಗಾರರಾದ ಫ್ರ್ಯಾಂಕ್ ಜಪ್ಪಾ, ಜಾನ್ ಡೆನ್ವರ್, ಡೀ ಸ್ನೈಡರ್ ಮೂವರೂ ಹೋಗಿ ಕಲಾವಿದರ ಪರ ಸಾಕ್ಷಿ ನುಡಿದರು. ಕೊನೆಗೆ ಕಂಪನಿಗಳು ಆಲ್ಬಮ್ಮುಗಳ ಮೇಲೆ ಎಚ್ಚರಿಕೆಯ ಚೀಟಿ ಅಂಟಿಸಲು ಒಪ್ಪಿಕೊಂಡವು. ತಂದೆಯಾಗಿ ಆ ತಾಯಂದಿರ ಅಳುಕು ನನಗೆ ಅರ್ಥವಾಗುತ್ತದೆ. ಹಾಡುವವರು ಏನನ್ನು ಓದಿಕೊಂಡು ಬರೆಯುತ್ತಾರೆ ಎಂದು ಒಮ್ಮೆ ಕೇಳಿದ್ದರೆ ಆ ಅಳುಕಿನ ಒಂದು ಪಾಲು ಕರಗುತ್ತಿತ್ತು ಎಂದೂ ನಂಬುತ್ತೇನೆ.

ನನಗೆ ಆ ನಂಬಿಕೆ ಬಂದದ್ದು ಗ್ರೀನ್‌ವಿಲ್‌ನಿಂದ. ದಕ್ಷಿಣ ಕೆರೊಲಿನಾದಲ್ಲಿ ಒಂದು ಕಾಲಕ್ಕೆ ಹತ್ತಿಗಿರಣಿಗಳ ಊರಾಗಿತ್ತು. 85ನೇ ಹೆದ್ದಾರಿಯಲ್ಲಿ ಶಾರ್ಲೆಟ್‌ಗೂ ಅಟ್ಲಾಂಟಕ್ಕೂ ನಡುವೆ ಸಿಗುತ್ತದೆ. ತನ್ನ ವಿದ್ಯಾರ್ಥಿಗಳಿಗೆ ರಾಕ್ ಸಂಗೀತವನ್ನೇ ನಿಷೇಧಿಸಿದ್ದ ಬಾಬ್ ಜೋನ್ಸ್ ವಿಶ್ವವಿದ್ಯಾಲಯ 1947ರಿಂದ ಇಲ್ಲಿದೆ. ಇದೇ ಊರಿನಲ್ಲಿ 1993ರಲ್ಲಿ ಕಾರ್ಲ್ ಸ್ಯಾಂಡರ್ಸ್ ‘ನೈಲ್’ ಎಂಬ ಡೆತ್ ಮೆಟಲ್ ತಂಡ ಕಟ್ಟಿದರು. ಹಾಡುವುದು ಹೆಚ್ಚಾಗಿ ಪ್ರಾಚೀನ ಈಜಿಪ್ಟಿನ ಕಥೆ. 2002ರ ಆಲ್ಬಮ್ಮಿನಲ್ಲಿ ಉನಾಸ್ ದೊರೆಯ ಮೇಲೊಂದು ಹಾಡಿದೆ, ಹನ್ನೊಂದು ನಿಮಿಷ ದಾಟುವ ಹಾಡು. ಸಕ್ಕಾರಾದಲ್ಲಿರುವ ಉನಾಸನ ಪಿರಮಿಡ್ಡಿನ ಒಳಗೋಡೆಯಲ್ಲಿ ಸುಮಾರು 4,300 ವರ್ಷ ಹಿಂದೆ ಕೆತ್ತಿದ ಬರಹವೇ ಅದರ ಬೇರು: ಸತ್ತ ದೊರೆ ಆಕಾಶಕ್ಕೇರಿ, ದೇವತೆಗಳನ್ನೇ ಬೇಯಿಸಿ ತಿಂದು, ಅವರ ಶಕ್ತಿಯನ್ನು ತನ್ನದಾಗಿಸಿಕೊಳ್ಳುತ್ತಾನೆ. ಹಲವು ಆಲ್ಬಮ್ಮುಗಳ ಜೊತೆಗೆ ಸ್ಯಾಂಡರ್ಸ್ ಹಾಡುಗಳಿಗೆ ಟಿಪ್ಪಣಿ ಬರೆದಿದ್ದಾರೆ. ಯಾವ ಗ್ರಂಥ, ಯಾವ ದೇವತೆ, ಯಾವ ಕಥೆ ಎಂದು. ಶಾಸನ ಓದುವ ನಮ್ಮ ಹಿರಿಯರ ಶ್ರದ್ಧೆಯನ್ನು ಆ ಪುಟಗಳಲ್ಲಿ ಕಂಡೆ.

2004ರಲ್ಲಿ ಈ ತಂಡದ ಡ್ರಮ್ಸ್ ಹಿಂದೆ ಬಂದು ಕೂತವರು ಗ್ರೀಸಿನ ಜಾರ್ಜ್ ಕೊಲಿಯಾಸ್. ರಾಟಿಂಗ್ ಕ್ರೈಸ್ಟ್ ಹಾದಿ ಮಾಡಿಕೊಟ್ಟ ನೆಲದಲ್ಲೇ ಬೆಳೆದವರು. ಮರುವರ್ಷದ ‘ಅನೈಹಿಲೇಶನ್ ಆಫ್ ದ ವಿಕೆಡ್’ ಕೇಳಿದವರಿಗೆ ತಂಡದ ಕಾಲೇ ಬದಲಾದದ್ದು ತಿಳಿಯುತ್ತದೆ. 2024ರ ಆಲ್ಬಮ್ಮಿನಲ್ಲೂ ಅವರೇ ಇದ್ದಾರೆ. ಅವರು ನುಡಿಸುವ ವಿಡಿಯೊಗಳಲ್ಲಿ ಕ್ಯಾಮೆರಾ ಡ್ರಮ್ಮಿನ ಪೆಡಲ್ ಪಕ್ಕಕ್ಕೆ ಇಳಿಯುವ ಕ್ಷಣಕ್ಕೆ ನಾನು ಕಾಯುತ್ತೇನೆ. ನಿಧಾನದ ನಡೆಯಲ್ಲಿ ಇಡೀ ಕಾಲು ಏಳುತ್ತದೆ, ಬೀಳುತ್ತದೆ. ವೇಗ ಏರಿದಂತೆ ತೊಡೆ ನಿಲ್ಲುತ್ತದೆ, ಮೊಣಕಾಲು ನಿಲ್ಲುತ್ತದೆ. ಕೊನೆಗೆ ಪಾದದ ಗಂಟು ಮಾತ್ರ ಉಳಿಯುತ್ತದೆ, ನಡುಕದಷ್ಟು ಚಿಕ್ಕ ಚಲನೆ. ಅಷ್ಟರಲ್ಲೂ ಪ್ರತಿ ಪೆಟ್ಟು ಬಿಡಿಬಿಡಿಯಾಗಿ ಕೇಳುತ್ತದೆ.

ಅಟ್ಲಾಂಟದ ಮಾಸ್ಕರೇಡ್‌ಗೆ ಮಗನ ಜೊತೆ ಹೋದಾಗ ಈ ಕಾಲುಗಳ ಮಹತ್ವ ನನಗೆ ಪೂರ್ತಿ ತಿಳಿಯಿತು. 1989ರಲ್ಲಿ ಹಳೆಯ ಗಿರಣಿಯೊಂದರಲ್ಲಿ ಶುರುವಾದ ಜಾಗ ಅದು. 2016ರಲ್ಲಿ ಅಂಡರ್‌ಗ್ರೌಂಡ್ ಅಟ್ಲಾಂಟಕ್ಕೆ ಬಂತು. ಊರು ರೈಲುಹಳಿಗಳ ಮೇಲೆ ಮೇಲ್ಸೇತುವೆ ಕಟ್ಟಿಕೊಂಡು ಒಂದು ಅಂತಸ್ತು ಮೇಲೇರಿದಾಗ ಕೆಳಗುಳಿದ ಹಳೆಯ ಬೀದಿಗಳವು. ಅಲ್ಲಿನ ವೇದಿಕೆಗಳಲ್ಲಿ ಮೂರರ ಹೆಸರು ಸ್ವರ್ಗ, ನರಕ ಮತ್ತು ಎರಡರ ನಡುವಿನ ಶುದ್ಧಿಲೋಕ. ನಾವು ನರಕದಲ್ಲಿದ್ದೆವು. ಸ್ಥಳೀಯ ಹುಡುಗರ ತಂಡ, ಇನ್ನೂರು ಜನ ಇದ್ದಿರಬಹುದು. ನೂಕುನುಗ್ಗಲಿನಲ್ಲಿ ಬಿದ್ದ ಹುಡುಗಿಯೊಬ್ಬಳನ್ನು ನಾಲ್ಕು ಕೈಗಳು ಒಟ್ಟಿಗೆ ಎತ್ತಿ ನಿಲ್ಲಿಸಿದವು. ಪೆಡಲಿನ ಪೆಟ್ಟು ನೆಲದಿಂದ ಹತ್ತಿ ನನ್ನ ಮೊಣಕಾಲಿಗೆ ಬರುತ್ತಿತ್ತು. ಮಗ ಕಿವಿಗೆ ಬಾಯಿಟ್ಟು, “ಅಪ್ಪಾ, ಕಾಲು ನೋಡು, ಮೂರನೇ ಕಾಲ!” ಎಂದು ಕೂಗಿದ.

ಭಾನುವಾರ ಅವನಿಗೆ ಮೃದಂಗದ ಪಾಠ. ಗುರುಗಳು ಒಂದನೇ ಕಾಲ, ಅಂದರೆ ನಿಧಾನದ ನಡೆ, ಗಟ್ಟಿಯಾಗುವವರೆಗೆ ಇಮ್ಮಡಿ ವೇಗದ ಎರಡನೆಯದಕ್ಕೆ ಬಿಡುವುದಿಲ್ಲ. ಈಗ ಮನೆಯ ಗ್ಯಾರೇಜಿನಲ್ಲಿ ಅವನು ಅದೇ ಶಿಸ್ತನ್ನು ಪೆಡಲಿಗೂ ತಂದಿದ್ದಾನೆ. ತಕ ಧಿಮಿ ತಕ ಜೊಣು ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಎರಡು ಕಾಲಿಗೆ ಹಂಚುತ್ತಾನೆ. ನಿನ್ನೆ ಸಂಜೆ ಎರಡನೇ ಕಾಲದಲ್ಲಿ ಎಡಗಾಲು ಹಿಂದೆ ಬಿತ್ತು. ನಿಲ್ಲಿಸಿ, ಶೂ ಬಿಚ್ಚಿಟ್ಟು, ಮತ್ತೆ ಒಂದರಿಂದ ಶುರು ಮಾಡಿದ.