ಗೋಲ್‌ಕೀಪರ್ ಎದುರಾಳಿ ಕ್ಲಬ್ಬಿಗೆ ಹೋದಾಗ: ಸಿಟ್ಟಾಗುವ ಮುನ್ನ ನಾವು ತಿಳಿಯಬೇಕಾದದ್ದು



ಕೊಲ್ಹಾಪುರದಲ್ಲಿ ಫುಟ್‌ಬಾಲ್ ಋತು ಶುರುವಾಗುವ ಮೊದಲು ಆಟಗಾರರ ನೋಂದಣಿ ನಡೆಯುತ್ತದೆ. ಯಾರು ಯಾವ ಕ್ಲಬ್ಬಿನಲ್ಲಿ ಉಳಿದರು, ಯಾರು ಬಿಟ್ಟರು ಎಂಬ ಮಾತು ಆ ದಿನಗಳಲ್ಲಿ ಚಹಾದ ಅಂಗಡಿಯಿಂದ ಹಿಡಿದು ಮೊಬೈಲ್ ಗುಂಪಿನವರೆಗೆ ಹರಿದಾಡುತ್ತದೆ. ಫಾರ್ವರ್ಡ್ ಆಟಗಾರ ಕ್ಲಬ್ ಬದಲಿಸಿದರೆ ನಾಲ್ಕು ದಿನ ಚರ್ಚೆಯಾಗಿ ಮುಗಿಯುತ್ತದೆ. ಗೋಲ್‌ಕೀಪರ್ ಹೋದರೆ, ಅದರಲ್ಲೂ ಎದುರಾಳಿ ಕ್ಲಬ್ಬಿಗೆ ಹೋದರೆ, "ಮನೆಯ ಬಾಗಿಲ ಕೀಲಿಯನ್ನೇ ಪಕ್ಕದವರ ಕೈಗೆ ಕೊಟ್ಟ" ಎಂಬಂಥ ಮಾತು ಬರುತ್ತದೆ. ಆ ಮಾತು ಹುಡುಗನ ಮನೆಯವರೆಗೂ ಹೋಗುತ್ತದೆ.

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಭಾಗದ ನಮ್ಮ ಸದಸ್ಯರ ಮನೆಗಳಲ್ಲಿ ಫುಟ್‌ಬಾಲ್ ಆಡುವ ಮಕ್ಕಳಿದ್ದಾರೆ, ಆಟ ನೋಡುವ ಹಿರಿಯರಿದ್ದಾರೆ. ಗೋಲ್‌ಕೀಪರ್ ಏಕೆ ಕ್ಲಬ್ ಬದಲಿಸುತ್ತಾನೆ, ನಿಯಮ ಏನು ಹೇಳುತ್ತದೆ, ಹಿಂದೆ ಹೀಗೆ ಹೋದವರ ಕತೆ ಏನಾಯಿತು ಎಂಬುದನ್ನು ಈ ಲೇಖನದಲ್ಲಿ ಸರಳವಾಗಿ ತಿಳಿಸಲು ಪ್ರಯತ್ನಿಸಿದ್ದೇವೆ.

ತಾಲೀಮು, ಪೇಟೆ ಮತ್ತು ಕ್ಲಬ್

ಕೊಲ್ಹಾಪುರದ ಫುಟ್‌ಬಾಲ್ ಬೇರೆ ಊರಿನ ಫುಟ್‌ಬಾಲ್‌ನಂತಲ್ಲ. ಇಲ್ಲಿನ ಅನೇಕ ತಂಡಗಳ ಹೆಸರಲ್ಲೇ 'ತಾಲೀಮು' ಇದೆ. ಪಾಟಾಕಡೀಲ ತಾಲೀಮ್ ಮಂಡಳ, ಖಂಡೋಬಾ ತಾಲೀಮ್ ಮಂಡಳ, ಬಾಲಗೋಪಾಲ ತಾಲೀಮ್ ಮಂಡಳ, ದಿಲಬಹಾರ ತಾಲೀಮ್ ಮಂಡಳ ಹೀಗೆ. ತಾಲೀಮು ಎಂದರೆ ಮೂಲದಲ್ಲಿ ಗರಡಿಮನೆ. ರಾಜರ್ಷಿ ಶಾಹೂ ಮಹಾರಾಜರ ಪ್ರೋತ್ಸಾಹದಿಂದ ಕುಸ್ತಿ ಬೆಳೆದ ಊರಿನಲ್ಲಿ ಪೇಟೆಗೊಂದು ತಾಲೀಮು ಇತ್ತು. ಅದೇ ಪೇಟೆಯ ಗಣಪತಿಯನ್ನು ಕೂರಿಸುತ್ತಿತ್ತು, ಕಷ್ಟಕ್ಕೆ ಜನ ಕೂಡಿಸುತ್ತಿತ್ತು. ಮುಂದೆ ಫುಟ್‌ಬಾಲ್ ತಂಡವನ್ನೂ ಕಟ್ಟಿತು. ಶಿವಾಜಿ ತರುಣ ಮಂಡಳ, ಪ್ರ್ಯಾಕ್ಟೀಸ್ ಕ್ಲಬ್‌ನಂಥ ತಂಡಗಳ ಹೆಸರಿನಲ್ಲಿ ತಾಲೀಮು ಇಲ್ಲದಿದ್ದರೂ ಅಭಿಮಾನದ ರೀತಿ ಅದೇ.

ಹೀಗಾಗಿ ಶಾಹೂ ಸ್ಟೇಡಿಯಂನಲ್ಲಿ ಎರಡು ತಂಡ ಎದುರಾದಾಗ ಆಡುವವರು 22 ಜನ, ಎದುರಾಗುವುದು ಎರಡು ಪೇಟೆ. ಕ್ಲಬ್ ಬಿಡುವುದು ಎಂದರೆ ಓಣಿ ಬಿಟ್ಟಂತೆ, ಬಂಧುಬಳಗ ಬಿಟ್ಟಂತೆ ಎಂದು ಜನ ತಿಳಿಯುವುದು ಇದರಿಂದಲೇ. ಗಡಹಿಂಗ್ಲಜದಲ್ಲಿ ದೀಪಾವಳಿ ಹೊತ್ತಿಗೆ ನಡೆಯುವ ಪಂದ್ಯಾವಳಿಗೆ ಸೇರುವ ಜನರನ್ನು ಕಂಡವರಿಗೂ ಈ ಅಭಿಮಾನದ ಬಿಸಿ ಗೊತ್ತು. ಈ ಅಭಿಮಾನವೇ ನಮ್ಮ ಭಾಗದ ಫುಟ್‌ಬಾಲನ್ನು ಇಷ್ಟು ವರ್ಷ ಬದುಕಿಸಿದೆ. ಅದನ್ನು ಕಡಿಮೆ ಮಾಡಿಕೊಳ್ಳಿ ಎಂದು ನಾವು ಹೇಳುತ್ತಿಲ್ಲ. ಗೋಲ್‌ಕೀಪರ್‌ನ ಲೆಕ್ಕ ಬೇರೆ ಇದೆ ಎಂದಷ್ಟೇ ಹೇಳುತ್ತಿದ್ದೇವೆ.

ಇರುವುದು ಒಂದೇ ಜಾಗ

ತಂಡದಲ್ಲಿ ಡಿಫೆಂಡರ್ ನಾಲ್ವರಿರಬಹುದು, ಮಿಡ್‌ಫೀಲ್ಡಿನಲ್ಲೂ ಮೂರು ನಾಲ್ಕು ಜಾಗ ಇರುತ್ತವೆ. ಎಡಕ್ಕೆ ಆಡುವವನನ್ನು ಬಲಕ್ಕೆ ಹಾಕಬಹುದು, ಕೊನೆಯ ಇಪ್ಪತ್ತು ನಿಮಿಷಕ್ಕೆ ಬದಲಿ ಆಟಗಾರನಾಗಿ ಇಳಿಸಬಹುದು. ಗೋಲ್‌ಕೀಪರ್‌ಗೆ ಇದ್ಯಾವುದೂ ಇಲ್ಲ. ಜಾಗ ಒಂದೇ. ಮೊದಲ ಕೀಪರ್‌ಗೆ ಗಾಯವಾಗಬೇಕು, ಕೆಂಪು ಕಾರ್ಡ್ ಸಿಗಬೇಕು ಅಥವಾ ಅವನ ಆಟ ಪೂರ್ತಿ ಕೆಡಬೇಕು. ಅಲ್ಲಿಯವರೆಗೆ ಎರಡನೆಯವನು ಬೆಂಚಿನ ಮೇಲೆ.

2016ರ ಎಎಫ್‌ಸಿ ಕಪ್‌ನಲ್ಲಿ ಬೆಂಗಳೂರು ಎಫ್‌ಸಿ ಫೈನಲ್ ತಲುಪಿದ್ದು ನಮ್ಮ ಓದುಗರಿಗೆ ನೆನಪಿರಬಹುದು. ಭಾರತದ ಕ್ಲಬ್ಬೊಂದು ಆ ಫೈನಲ್ ತಲುಪಿದ್ದು ಅದೇ ಮೊದಲು. ಅಲ್ಲಿಯತನಕ ಗೋಲು ಕಾಯ್ದಿದ್ದ ಅಮರಿಂದರ್ ಸಿಂಗ್ ಅಮಾನತಿನಿಂದಾಗಿ ಫೈನಲ್ ಆಡಲಾಗಲಿಲ್ಲ. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ಏರ್‌ಫೋರ್ಸ್ ಕ್ಲಬ್ ವಿರುದ್ಧ ಲಾಲ್‌ಥುಅಮ್ಮಾವಿಯಾ ರಾಲ್ಟೆ ಇಳಿದರು. ಬೆಂಗಳೂರು 0–1ರಿಂದ ಸೋತಿತು. ಒಬ್ಬ ಕೀಪರ್‌ಗೆ ದೊಡ್ಡ ಪಂದ್ಯದ ಬಾಗಿಲು ತೆರೆದದ್ದು ಇನ್ನೊಬ್ಬನಿಗೆ ಅದು ಮುಚ್ಚಿದ್ದರಿಂದ. ಇದು ಈ ಜಾಗದ ಗುಣ.

ಅದಕ್ಕೇ ಗೋಲ್‌ಕೀಪರ್ ಕ್ಲಬ್ ಬದಲಿಸುವುದಕ್ಕೆ ಅನೇಕ ಸಲ ಕಾರಣ ಹಣವೂ ಅಲ್ಲ, ಸಿಟ್ಟೂ ಅಲ್ಲ. ಆಡಲು ಜಾಗ ಬೇಕು, ಅಷ್ಟೇ. ಹದಿನೆಂಟು ವರ್ಷದ ಹುಡುಗ ಎರಡು ಋತು ಬೆಂಚಿನ ಮೇಲೆ ಕಳೆದರೆ ಆಯ್ಕೆದಾರರು ಅವನನ್ನು ನೋಡುವುದೇ ಇಲ್ಲ. ಕೀಪರ್ ಬೇಕಾಗಿರುವ ಒಳ್ಳೆಯ ತಂಡ ಊರಿನಲ್ಲಿ ಒಂದೇ ಇದ್ದು, ಅದು ನಮ್ಮ ಎದುರಾಳಿ ತಂಡವೇ ಆಗಿದ್ದರೆ, ಅವನು ಮತ್ತೆಲ್ಲಿಗೆ ಹೋಗಬೇಕು?

ಅವನು ಏನನ್ನು ಒಯ್ಯುತ್ತಾನೆ?

"ನಮ್ಮ ಗುಟ್ಟೆಲ್ಲ ಅವನಿಗೆ ಗೊತ್ತು" ಎಂಬುದು ಮಾಮೂಲಿ ದೂರು. ಇದರಲ್ಲಿ ಸತ್ಯ ಇದೆ. ಕೀಪರ್ ಇಡೀ ಆಟವನ್ನು ಹಿಂದಿನಿಂದ ನೋಡುತ್ತಾನೆ. ಯಾವ ಡಿಫೆಂಡರ್ ತಿರುಗಲು ತಡ ಮಾಡುತ್ತಾನೆ, ಕಾರ್ನರ್‌ನಲ್ಲಿ ಯಾರು ಯಾರನ್ನು ಹಿಡಿಯುತ್ತಾರೆ, ಪೆನಾಲ್ಟಿಯಲ್ಲಿ ಯಾರು ಯಾವ ಕಡೆ ಒದೆಯುತ್ತಾರೆ ಎಂಬುದು ಅವನಿಗೆ ಬಾಯಿಪಾಠ. ಪೆನಾಲ್ಟಿ ಒದೆಯುವುದು ಗೋಲಿನಿಂದ 11 ಮೀಟರ್ ದೂರದಿಂದ. ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಜೋರಾಗಿ ಒದ್ದ ಚೆಂಡು ಅರ್ಧ ಸೆಕೆಂಡಿನೊಳಗೆ ಗೋಲು ಮುಟ್ಟುತ್ತದೆ. ಚೆಂಡು ನೋಡಿ ಹಾರಲು ಸಮಯ ಇರುವುದಿಲ್ಲ, ಮೊದಲೇ ಊಹಿಸಬೇಕು. ನಾಕೌಟ್ ಪಂದ್ಯ ಟೈಬ್ರೇಕರ್‌ಗೆ ಹೋದಾಗ ಹಳೆಯ ಜೊತೆಗಾರರ ರೂಢಿ ಗೊತ್ತಿರುವ ಕೀಪರ್‌ಗೆ ಅಷ್ಟರಮಟ್ಟಿಗೆ ಅನುಕೂಲವೇ.

ಆದರೆ ಈ ಕತ್ತಿಗೆ ಎರಡೂ ಕಡೆ ಅಲಗು. ಅವನು ಎಡಕ್ಕೆ ಹಾರುವಾಗ ನಿಧಾನವೋ, ಎತ್ತರದ ಕ್ರಾಸ್‌ಗೆ ಹೊರಬರಲು ಹಿಂಜರಿಯುತ್ತಾನೋ ಎಂಬುದು ಹಳೆಯ ತಂಡಕ್ಕೂ ಗೊತ್ತು. ದಿನಾ ಸಂಜೆ ಅವನ ಮುಂದೆಯೇ ಒದ್ದು ಕಲಿತವರು ಅವರು. ಒಳ್ಳೆಯ ಕೋಚ್ ಇದ್ದರೆ ಕಾರ್ನರ್‌ನ ಹಂಚಿಕೆ ಬದಲಿಸುತ್ತಾನೆ, ಪೆನಾಲ್ಟಿ ಒದೆಯುವವರ ಸರದಿ ಬದಲಿಸುತ್ತಾನೆ. ಗುಟ್ಟು ಹೋಯಿತೆಂದು ಅಳುವುದಕ್ಕಿಂತ ಇದು ಮೇಲು.

ಹೀಗೆ ಹೋದ ನಾಲ್ವರು

ಎದುರಾಳಿ ಪಾಳಯಕ್ಕೆ ಹೋದ ಕೀಪರ್‌ಗಳ ಕತೆ ಜಗತ್ತಿನಾದ್ಯಂತ ಇವೆ. ನಾಲ್ಕನ್ನು ಮಾತ್ರ ಹೇಳುತ್ತೇವೆ.

ಮೊದಲನೆಯವರು ಪ್ಯಾಟ್ ಜೆನ್ನಿಂಗ್ಸ್. ಉತ್ತರ ಲಂಡನ್ನಿನ ಟಾಟನ್‌ಹ್ಯಾಮ್ ಮತ್ತು ಆರ್ಸೆನಲ್ ಅಕ್ಕಪಕ್ಕದ ಕಡು ಎದುರಾಳಿಗಳು. 1964ರಿಂದ ಟಾಟನ್‌ಹ್ಯಾಮ್ ಗೋಲು ಕಾಯ್ದಿದ್ದ ಜೆನ್ನಿಂಗ್ಸ್ ಅವರನ್ನು, 32 ವಯಸ್ಸಾಯಿತು, ಇನ್ನು ಹೆಚ್ಚು ದಿನ ಆಡಲಾರರು ಎಂದು ಕ್ಲಬ್ 1977ರಲ್ಲಿ 45,000 ಪೌಂಡಿಗೆ ಆರ್ಸೆನಲ್‌ಗೆ ಮಾರಿತು. ಅವರು ಅಲ್ಲಿ 1985ರವರೆಗೆ ಆಡಿದರು, 1979ರಲ್ಲಿ ಎಫ್‌ಎ ಕಪ್ ಗೆದ್ದರು. 1986ರ ವಿಶ್ವಕಪ್‌ನಲ್ಲಿ ಉತ್ತರ ಐರ್ಲೆಂಡ್ ಪರ ಬ್ರೆಜಿಲ್ ವಿರುದ್ಧ ಆಡಿದ ದಿನ ಅವರಿಗೆ 41 ತುಂಬಿತ್ತು. ಹೋದವರು ಅವರು ನಿಜ, ಕಳಿಸಿದ್ದು ಕ್ಲಬ್.

ಎರಡನೆಯವರು ಕೋಲ್ಕತ್ತದ ಭಾಸ್ಕರ್ ಗಂಗೂಲಿ. 1975ರ ಐಎಫ್‌ಎ ಶೀಲ್ಡ್ ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ 5–0ರಿಂದ ಮೋಹನ್ ಬಾಗಾನ್ ತಂಡವನ್ನು ಸೋಲಿಸಿತು. ಮೋಹನ್ ಬಾಗಾನ್ ಗೋಲಿನಲ್ಲಿ ನಿಂತಿದ್ದವರು ಹರೆಯದ ಗಂಗೂಲಿ. ನಾಲ್ಕು ಗೋಲು ಬಿದ್ದ ಮೇಲೆ ಅವರನ್ನು ಹೊರಗೆ ಕರೆಸಿಕೊಂಡರು. ಆ ಬಳಿಕ ಅವರು ಸೇರಿದ್ದು ತನಗೆ ಗೋಲು ಹೊಡೆದ ಈಸ್ಟ್ ಬೆಂಗಾಲನ್ನೇ. ಅಲ್ಲಿ ದೊಡ್ಡ ಕೀಪರ್ ಆಗಿ ಬೆಳೆದು, 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ತಂಡದ ನಾಯಕರಾದರು. ಒಂದು ಕೆಟ್ಟ ದಿನವೇ ಹಣೆಬರಹವಾಗಬಾರದು ಎಂದರೆ ಕೆಲವೊಮ್ಮೆ ಬೇರೆ ಅಂಗಳ ಬೇಕಾಗುತ್ತದೆ.

ಮೂರನೆಯವರು ಜರ್ಮನಿಯ ಮ್ಯಾನುಯೆಲ್ ನಾಯರ್. ಷಾಲ್ಕ ಕ್ಲಬ್ಬಿನ ಊರಿನಲ್ಲೇ ಹುಟ್ಟಿ, 1991ರಲ್ಲಿ ಪುಟ್ಟ ಬಾಲಕನಾಗಿ ಅದೇ ಕ್ಲಬ್ ಸೇರಿದವರು. 2011ರಲ್ಲಿ ನಾಯಕನಾಗಿ ಷಾಲ್ಕಗೆ ಜರ್ಮನ್ ಕಪ್ ಗೆದ್ದುಕೊಟ್ಟು ಬಾಯರ್ನ್ ಮ್ಯೂನಿಕ್‌ಗೆ ಹೋದರು. ಇಲ್ಲಿ ವಿಶೇಷವೆಂದರೆ ಹೊಸ ಕ್ಲಬ್ಬಿನ ಅಭಿಮಾನಿಗಳೇ "ನಾಯರ್ ಬೇಡ" ಎಂಬ ಫಲಕ ಹಿಡಿದರು. ಹಳೆಯ ಮನೆಯಲ್ಲೂ ಬೈಗುಳ, ಹೊಸ ಮನೆಯಲ್ಲೂ ಬೈಗುಳ. 2013ರಲ್ಲಿ ಬಾಯರ್ನ್ ಚಾಂಪಿಯನ್ಸ್ ಲೀಗ್ ಗೆದ್ದಾಗ ಗೋಲಿನಲ್ಲಿ ನಿಂತಿದ್ದವರು ಅವರೇ. 2014ರಲ್ಲಿ ವಿಶ್ವಕಪ್ ಗೆದ್ದು ಆ ಕೂಟದ ಶ್ರೇಷ್ಠ ಗೋಲ್‌ಕೀಪರ್ ಪ್ರಶಸ್ತಿಯನ್ನೂ ಪಡೆದರು.

ನಾಲ್ಕನೆಯವರು ಮೇಲೆ ಹೇಳಿದ ಅಮರಿಂದರ್ ಸಿಂಗ್. ಬೆಂಗಳೂರು ಬಿಟ್ಟ ಮೇಲೆ ಮುಂಬೈ ಸಿಟಿಯ ನಾಯಕರಾದರು. 2021ರ ಮಾರ್ಚ್ 13ರಂದು ಐಎಸ್‌ಎಲ್ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗಾನ್ ತಂಡವನ್ನು 2–1ರಿಂದ ಸೋಲಿಸಿ ಕಪ್ ಎತ್ತಿದರು. ಅದೇ ವರ್ಷ ಸೋತ ಆ ತಂಡವನ್ನೇ ಸೇರಿದರು. ಮರುವರ್ಷ ಆ ತಂಡ ವಿಶಾಲ್ ಕೈತ್ ಅವರನ್ನು ತಂದಿತು, ಅಮರಿಂದರ್ ಒಡಿಶಾ ಎಫ್‌ಸಿಗೆ ಹೋದರು. ಇತ್ತ ಮುಂಬೈಯಲ್ಲಿ ಮುಂದೆ ಪುರ್ಬ ಲಾಚೆಂಪಾ ಮುಖ್ಯ ಕೀಪರ್ ಆಗಿ ಬೆಳೆದು, 2024ರಲ್ಲಿ ತಂಡ ಮತ್ತೆ ಐಎಸ್‌ಎಲ್ ಕಪ್ ಗೆದ್ದಾಗ ಗೋಲು ಕಾಯ್ದರು. ಹೋದವನ ಜಾಗ ಖಾಲಿ ಉಳಿಯುವುದಿಲ್ಲ. ಅಲ್ಲಿ ಇನ್ನೊಬ್ಬ ಹುಡುಗ ಬೆಳೆಯುತ್ತಾನೆ.

ನಿಯಮ ಏನು ಹೇಳುತ್ತದೆ?

ಫಿಫಾ ನಿಯಮದಂತೆ ಆಟಗಾರರಲ್ಲಿ ಎರಡು ಬಗೆ: ವೃತ್ತಿಪರ ಮತ್ತು ಹವ್ಯಾಸಿ. ಲಿಖಿತ ಒಪ್ಪಂದವಿದ್ದು, ಆಟಕ್ಕೆ ತಗಲುವ ಖರ್ಚಿಗಿಂತ ಹೆಚ್ಚು ಹಣ ಪಡೆಯುವವನು ವೃತ್ತಿಪರ. ಉಳಿದವರೆಲ್ಲ ಹವ್ಯಾಸಿಗಳು. ನಮ್ಮ ಊರುಗಳ ಹೆಚ್ಚಿನ ಹುಡುಗರು ಈ ಎರಡನೆಯ ಗುಂಪಿನವರು.

ವೃತ್ತಿಪರ ಆಟಗಾರ ಒಪ್ಪಂದದ ನಡುವೆ ಹೋಗಬೇಕಾದರೆ ಎರಡೂ ಕ್ಲಬ್ ಒಪ್ಪಬೇಕು. ಸಾಮಾನ್ಯವಾಗಿ ಹೊಸ ಕ್ಲಬ್ ಹಳೆಯದಕ್ಕೆ ಹಣ ಕೊಡುತ್ತದೆ. ಒಪ್ಪಂದ ಮುಗಿಯಲು ಆರು ತಿಂಗಳು ಉಳಿದಾಗ ಬೇರೆ ಕ್ಲಬ್ ಜೊತೆ ಮುಂದಿನ ಒಪ್ಪಂದ ಮಾಡಿಕೊಳ್ಳಲು ಅವನು ಸ್ವತಂತ್ರ. ಒಪ್ಪಂದ ಮುಗಿದ ಆಟಗಾರನನ್ನು ಕ್ಲಬ್ ಹಿಡಿದಿಟ್ಟುಕೊಳ್ಳುವ ಹಳೆಯ ಪದ್ಧತಿ ಯುರೋಪಿನಲ್ಲಿ ಮುರಿದದ್ದು ಬೆಲ್ಜಿಯಂನ ಬಾಸ್ಮನ್ ಎಂಬ ಆಟಗಾರ ಹೂಡಿದ ಮೊಕದ್ದಮೆಯಿಂದ, 1995ರ ಡಿಸೆಂಬರ್‌ನಲ್ಲಿ. ಒಂದು ಋತುವಿನಲ್ಲಿ ಆಟಗಾರ ಗರಿಷ್ಠ ಮೂರು ಕ್ಲಬ್‌ಗಳಲ್ಲಿ ನೋಂದಣಿಯಾಗಬಹುದು, ಅಧಿಕೃತ ಪಂದ್ಯ ಆಡುವುದು ಸಾಮಾನ್ಯವಾಗಿ ಎರಡರಲ್ಲಿ ಮಾತ್ರ. 18 ತುಂಬದ ಆಟಗಾರನ ವೃತ್ತಿಪರ ಒಪ್ಪಂದ ಮೂರು ವರ್ಷ ಮೀರುವಂತಿಲ್ಲ.

ಒಪ್ಪಂದವೇ ಇಲ್ಲದ ಹವ್ಯಾಸಿಯನ್ನು ಕಟ್ಟಿಹಾಕುವುದು ನೋಂದಣಿ ಮಾತ್ರ. ಋತು ಮುಗಿದ ಮೇಲೆ ನಿಯಮದಂತೆ ಬೇರೆ ಕ್ಲಬ್ಬಿನಲ್ಲಿ ಹೆಸರು ಬರೆಸಿದವನು ಯಾರ ಮಾತನ್ನೂ ಮುರಿದಂತಲ್ಲ.

ನಮ್ಮ ವಿನಂತಿ

ತಂದೆ-ತಾಯಂದಿರಿಗೆ: ಕ್ಲಬ್ಬಿನವರು ಕೊಟ್ಟ ಕಾಗದವನ್ನು ಪೂರ್ತಿ ಓದಿಸಿಕೊಂಡು ಸಹಿ ಹಾಕಿ. ಖಾಲಿ ಹಾಳೆಗೆ ಸಹಿ ಬೇಡ. ಸಹಿ ಹಾಕಿದ್ದರ ಒಂದು ಪ್ರತಿ ಮನೆಯಲ್ಲಿರಲಿ. ಹುಡುಗ ಬದಲಾಯಿಸಲು ಬಯಸಿದರೆ ಹೊಸ ಕ್ಲಬ್ಬಿನಲ್ಲಿ ಈಗಾಗಲೇ ಎಷ್ಟು ಕೀಪರ್‌ಗಳಿದ್ದಾರೆ, ಕೀಪರ್‌ಗೆ ಬೇರೆ ತರಬೇತಿ ಇದೆಯೇ ಎಂದು ಮೊದಲು ಕೇಳಿ. ಅಲ್ಲಿಯೂ ಬೆಂಚಾದರೆ ಹೋಗಿ ಏನು ಫಲ? ಹಳೆಯ ಕ್ಲಬ್ಬಿನ ಹಿರಿಯರಿಗೆ ಮಗನನ್ನು ಕರೆದೊಯ್ದು ಮುಖತಃ ತಿಳಿಸಿ. ಬೇರೆಯವರ ಬಾಯಿಂದ ಕೇಳಿದಾಗ ಆಗುವ ನೋವು ಇದರಿಂದ ಅರ್ಧ ಕಡಿಮೆಯಾಗುತ್ತದೆ.

ಕ್ಲಬ್ ನಡೆಸುವವರಿಗೆ: ಎರಡನೆಯ ಕೀಪರ್‌ಗೆ ವರ್ಷದಲ್ಲಿ ಕೆಲವಾದರೂ ಪಂದ್ಯ ಕೊಡಿ. ಕೊಡಲಾಗದಿದ್ದರೆ ಋತುವಿನ ಮೊದಲೇ ನೇರವಾಗಿ ಹೇಳಿ, ಒಳ್ಳೆಯ ಮನಸ್ಸಿನಿಂದ ಕಳಿಸಿ.

ಅಭಿಮಾನಿಗಳಿಗೆ: ಮೈದಾನದಲ್ಲಿ ಕೂಗಿ, ಕೆಣಕಿ, ಅದು ಆಟದ ಭಾಗ. ಮನೆ, ತಾಯಿ, ಜಾತಿ, ಭಾಷೆಯವರೆಗೆ ಮಾತು ಹೋಗಬಾರದು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಆಡುವ ನಮ್ಮ ಭಾಗದಲ್ಲಿ ಬೈಗುಳ ಬಹುಬೇಗ ಭಾಷೆಯ ಕಡೆ ಹೊರಳುತ್ತದೆ. ಕೈಗವಸು ಹಾಕಿಕೊಂಡು ಗೋಲಿನಲ್ಲಿ ಒಬ್ಬನೇ ನಿಂತ ಹುಡುಗನಿಗೆ ಬೆನ್ನ ಹಿಂದಿನ ಗ್ಯಾಲರಿಯ ಮಾತು ಬೇರೆಲ್ಲ ಆಟಗಾರರಿಗಿಂತ ಚೆನ್ನಾಗಿ ಕೇಳಿಸುತ್ತದೆ. ಆ ಗ್ಯಾಲರಿಯಲ್ಲಿ ನಮ್ಮ ಸದಸ್ಯರು ಕೂತಿದ್ದರೆ, ಅಂಥ ಮಾತು ಬಂದಾಗ "ಸಾಕು ಬಿಡ್ರೋ" ಎನ್ನುವ ಮೊದಲ ದನಿ ನಮ್ಮದಾಗಲಿ.

ಮುಂದಿನ ನೋಂದಣಿಯ ಹೊತ್ತಿಗೆ ನಿಮ್ಮ ಓಣಿಯ ಕೀಪರ್ ಬೇರೆ ಬಣ್ಣದ ಅಂಗಿ ತೊಟ್ಟರೆ, ಒಮ್ಮೆ ಕರೆದು ಚಹಾ ಕುಡಿಸಿ, ಅಲ್ಲಿ ಆಡಲು ಜಾಗ ಸಿಕ್ಕಿತೇ ಎಂದು ಕೇಳಿ.