ಪಕ್ಕದಲ್ಲೊಬ್ಬರು ‘ಬೇಡ’ ಎಂದರೆ ಸಾಕು

1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಂ ಒಂದು ಪ್ರಯೋಗ ಶುರು ಮಾಡಿದರು. ಜಾಹೀರಾತು ನೋಡಿ ಬಂದ ಗಂಡಸರಿಗೆ ಇದು ನೆನಪಿನ ಶಕ್ತಿಯ ಅಧ್ಯಯನ ಎಂದು ಹೇಳಲಾಗಿತ್ತು. ಪಕ್ಕದ ಕೋಣೆಯಲ್ಲಿದ್ದವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ಶಾಕ್ ಕೊಡಬೇಕು, ಪ್ರತಿ ಸಲವೂ 15 ವೋಲ್ಟ್ ಏರಿಸಬೇಕು. ಶಾಕ್ ಸುಳ್ಳು, ಒಳಗಿದ್ದವನು ಮಿಲ್‌ಗ್ರಾಂ ಕಡೆಯವನೇ. ಸ್ವಿಚ್ ಒತ್ತುವವರಿಗೆ ಅದು ಗೊತ್ತಿರಲಿಲ್ಲ. 300 ವೋಲ್ಟಿಗೆ ಅವನು ಗೋಡೆ ಗುದ್ದಿದ; ಆಮೇಲೆ ಉತ್ತರವೇ ಬರಲಿಲ್ಲ. ಆದರೂ ಬೂದು ಕೋಟಿನ ಪ್ರಯೋಗಕಾರ ‘ಮುಂದುವರಿಸಿ’ ಎಂದಿದ್ದಕ್ಕೆ 40 ಜನರಲ್ಲಿ 26 ಮಂದಿ 450 ವೋಲ್ಟ್‌ವರೆಗೂ ಹೋದರು.

ಅವರೇನು ಕಟುಕರಲ್ಲ. ಬೆವರಿದರು, ನಡುಗಿದರು, ತುಟಿ ಕಚ್ಚಿಕೊಂಡರು. ಕೈ ಮಾತ್ರ ನಿಲ್ಲಲಿಲ್ಲ. ಶುರುವಾಗಿದ್ದು ಬರೀ 15 ವೋಲ್ಟ್‌ನಿಂದ. 150 ಒತ್ತಿದವನು 165ಕ್ಕೆ ನಿಲ್ಲಿಸಿದರೆ ಅಲ್ಲಿಯವರೆಗೆ ಮಾಡಿದ್ದೂ ತಪ್ಪೆಂದು ಒಪ್ಪಬೇಕಾಗುತ್ತದೆ. ಜೊತೆಗೆ, ಹೊಣೆ ಆದೇಶ ಕೊಟ್ಟವರದು ಎಂಬ ಸಮಾಧಾನವೂ ಇತ್ತು.

ಮಿಲ್‌ಗ್ರಾಂ ಜನರನ್ನು ವಂಚಿಸಿ ಹಿಂಸೆಗೆ ಈಡುಮಾಡಿದರು ಎಂಬ ಟೀಕೆ ಅಂದಿನಿಂದಲೂ ಇದೆ, ಅದು ನ್ಯಾಯವೂ ಹೌದು. ಆದರೆ ಅವರ ಮುಂದಿನ ಪ್ರಯೋಗಗಳನ್ನು ಮರೆಯಬಾರದು. ಪ್ರಯೋಗಕಾರ ಹೊರಗೆ ಹೋಗಿ ಫೋನಿನಲ್ಲಿ ಆದೇಶ ಕೊಟ್ಟಾಗ ಕೊನೆ ಮುಟ್ಟಿದವರು ಐದರಲ್ಲಿ ಒಂದು ಪಾಲು. ಜೊತೆಗಿದ್ದ ಇಬ್ಬರು ‘ಒಲ್ಲೆ’ ಎಂದು ಎದ್ದುಬಿಟ್ಟಾಗ 40ರಲ್ಲಿ ನಾಲ್ವರು ಮಾತ್ರ.

ಇಂದಿನ ‘ಡಿಜಿಟಲ್ ಅರೆಸ್ಟ್’ ವಂಚಕರು ಪಾರಾಗುವ ಈ ಎರಡೂ ದಾರಿಗಳನ್ನು ಮುಚ್ಚುತ್ತಾರೆ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ ಎಂದು ಹೆದರಿಸಿ, ಖಾಕಿ ಸಮವಸ್ತ್ರ ತೊಟ್ಟು ವಿಡಿಯೊ ಕಾಲ್‌ನಲ್ಲಿ ಕಣ್ಣೆದುರೇ ಕೂರುತ್ತಾರೆ; ಫೋನ್ ಇಡಲು ಬಿಡುವುದಿಲ್ಲ. ಮನೆಯವರಿಗೂ ಹೇಳಬೇಡಿ ಎನ್ನುತ್ತಾರೆ. ಮೊದಲು ಹೆಸರು, ಆಮೇಲೆ ಆಧಾರ್, ಆಮೇಲೆ ಖಾತೆಯ ವಿವರ, ಕೊನೆಗೆ ಹಣ. ಓದಿದವರು, ನಿವೃತ್ತ ಅಧಿಕಾರಿಗಳು ಸಹ ಮೋಸಹೋಗಿದ್ದಾರೆ. ಅವರನ್ನು ದಡ್ಡರೆಂದು ಹಂಗಿಸುವುದು ಅನ್ಯಾಯ. ಹಿರಿಯರ, ಮೇಷ್ಟ್ರ, ಸಾಹೇಬರ ಮಾತಿಗೆ ಎದುರಾಡಬಾರದೆಂದು ನಾವೇ ಮಕ್ಕಳಿಗೆ ಕಲಿಸಿಕೊಂಡು ಬಂದಿದ್ದೇವೆ.

ಗೌರವ ಕಲಿಸೋಣ, ‘ಯಾವ ಕಾನೂನಿನಡಿ?’ ಎಂದು ಕೇಳುವುದನ್ನೂ ಕಲಿಸೋಣ. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಅಂಥ ಕರೆ ಬಂದರೆ ಫೋನ್ ಇಟ್ಟು, ಮೊದಲು ಮನೆಯವರಿಗೋ ನೆರೆಯವರಿಗೋ ಹೇಳಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.