ಹೆಲಿಕೋನಿಯಾ ಗೆಡ್ಡೆ ತರಿಸಿದ್ರಾ? ಸೀದಾ ತೋಟಕ್ಕೆ ಇಳಿಸಬೇಡಿ

ಮೊಬೈಲಿನಲ್ಲಿ ಕೆಂಪು-ಹಳದಿ ಗೊಂಚಲು ಸರದಂತೆ ನೇತಾಡುವ ಫೋಟೊ ನೋಡಿ ಮರುಳಾದವರಲ್ಲಿ ನಾನೂ ಒಬ್ಬ. ಹೆಲಿಕೋನಿಯಾ ರೊಸ್ಟ್ರಾಟ ಅಂತ ಅದರ ಹೆಸರು. ನಾಲ್ಕು ವರ್ಷದ ಹಿಂದೆ ಆನ್‌ಲೈನಿನಲ್ಲಿ ಐದು ಗೆಡ್ಡೆ ತರಿಸಿದೆ. ಪಾರ್ಸೆಲ್ ಬಂದ ದಿನವೇ ಹಿತ್ತಲಲ್ಲಿ ಬಚ್ಚಲು ನೀರು ಹರಿಯುವ ಜಾಗದಲ್ಲಿ, ಬಾಳೆ ಹಿಂಡಿನ ಪಕ್ಕ ನೆಟ್ಟುಬಿಟ್ಟೆ. ಅಲ್ಲಿಂದ ಹತ್ತು ಹೆಜ್ಜೆಗೆ ನಮ್ಮ ಅಡಿಕೆ ತೋಟದ ಮೊದಲ ಸಾಲು, ಮರಕ್ಕೊಂದು ಕಾಳುಮೆಣಸಿನ ಬಳ್ಳಿ.

ಹೂವೇನೋ ಬಂತು, ಸುಳ್ಳು ಹೇಳಬಾರದು. ಒಂದು ವರ್ಷ ಕಳೆಯುವಷ್ಟರಲ್ಲಿ ಆಳೆತ್ತರ ಬೆಳೆದು ಗೊಂಚಲು ಇಳಿಬಿಟ್ಟಿತು. ಬೆಳಗಾದರೆ ಸೂರಕ್ಕಿಗಳ ಗಲಾಟೆ. ಬಂದವರೆಲ್ಲ ಅದರ ಮುಂದೆ ನಿಂತು ಫೋಟೊ ತೆಗೆದುಕೊಂಡು ಹೋದರು.

ಎರಡನೇ ವರ್ಷ ದೀಪಾವಳಿ ಕಳೆದ ಮೇಲೆ ಆ ಸಾಲಿನ ಮೆಣಸಿನ ಬಳ್ಳಿಗಳು ಹಳದಿಯಾಗತೊಡಗಿದವು. "ತಮ್ಮಾ, ನೀರು ಕಮ್ಮಿ ಆಗಿದೆ ಕಾಣ್ತದೆ, ಪೈಪು ಬಿಡು" ಅಂದರು ಅಪ್ಪಯ್ಯ. ಬಿಟ್ಟೆ. ಜೂನ್ ಮಳೆಗೆ ಬಳ್ಳಿ ಮತ್ತೆ ಚಿಗುರಿತು, ನಾವೂ ಮರೆತೆವು. ಮರುವರ್ಷ ಅದೇ ಹೊತ್ತಿಗೆ ಮತ್ತೆ ಹಳದಿ. ಈ ಸಲ ಎಲೆ ಉದುರಿತು, ಗಣ್ಣು ಗಣ್ಣಿಗೆ ಕಳಚಿ ಬಿತ್ತು. ಹನ್ನೊಂದು ಬಳ್ಳಿ ಹೋದವು. ಅವೆಲ್ಲ ಅಜ್ಜ ಹಬ್ಬಿಸಿದ ಬಳ್ಳಿಗಳು.

ಬೇರು, ಮಣ್ಣು ಎರಡನ್ನೂ ತೆಗೆದುಕೊಂಡು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದೆ. ಅವರು ಹೇಳಿದ್ದು ಜಂತುಹುಳು. ಬೇರಿನಲ್ಲಿ ಗಂಟು ಮಾಡುವ ಜಾತಿಯೂ ಇತ್ತು, ಬೇರನ್ನು ಕೊರೆದು ಒಳಗೇ ಓಡಾಡುವ ಜಾತಿಯೂ ಇತ್ತು. ಹೀಗೆ ಮಳೆ ನಿಂತ ಮೇಲೆ ಹಳದಿಯಾಗಿ, ಮಳೆಗಾಲದಲ್ಲಿ ಚೇತರಿಸಿಕೊಂಡಂತೆ ಕಂಡು, ವರ್ಷ ವರ್ಷ ಸೊರಗುವುದೇ ಕಾಳುಮೆಣಸಿನ ನಿಧಾನ ಸೊರಗು ರೋಗ. ಕೊಳೆ ಬಂದು ವಾರದಲ್ಲಿ ಬಳ್ಳಿ ಮಲಗುವ ಶೀಘ್ರ ಸೊರಗು ಬೇರೆ, ಇದು ಬೇರೆ. ಮನೆಗೆ ಬಂದು ಹೆಲಿಕೋನಿಯಾದ ಬುಡ ಅಗೆದು ನೋಡಿದೆ. ಅದರ ಬೇರಿನಲ್ಲೂ ಕಂದು ಕಲೆ, ಅಲ್ಲಲ್ಲಿ ಕೊಳೆ. ಆ ಬೇರನ್ನೂ ಕೊಟ್ಟು ಬಂದೆ. ಅದರಲ್ಲೂ ಕೊರೆಯುವ ಹುಳು ಇತ್ತು.

ಹುಳು ಆ ಪಾರ್ಸೆಲಿನಲ್ಲೇ ಬಂತು ಅಂತ ನಾನು ಆಣೆ ಮಾಡಲಾರೆ. ನಮ್ಮ ಬಾಳೆಯಲ್ಲೇ ಮೊದಲಿನಿಂದ ಇದ್ದಿರಬಹುದು. ಆದರೆ ಹಳದಿ ಶುರುವಾಗಿದ್ದು ಆ ಮೂಲೆಯಿಂದಲೇ, ಮತ್ತು ಗೆಡ್ಡೆ ನೆಡುವ ಮುಂಚೆ ನಾನು ಅದರ ಬೇರು ನೋಡಲೇ ಇಲ್ಲ. ತಪ್ಪು ಅಲ್ಲಿದೆ.

ಯಾಕೆ ಹೀಗಾಗುತ್ತೆ ಅಂದರೆ, ಹೆಲಿಕೋನಿಯಾ ನಮಗೆ ವಿದೇಶಿ ಗಿಡ, ಆದರೆ ನಮ್ಮ ತೋಟದ ರೋಗಕ್ಕೆ ಅದು ನೆಂಟ. ಮೂಲ ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಾಡು, ಅಲ್ಲಿ ಅದರ ಜೇನಿಗೆ ಬರೋದು ಹಮ್ಮಿಂಗ್‌ಬರ್ಡ್. ಬಳಗದಲ್ಲಿ ಮಾತ್ರ ಅದು ಬಾಳೆ, ಶುಂಠಿಗೆ ಹತ್ತಿರ. ಬೇರು ಕೊರೆಯುವ ಜಂತುಹುಳು ಬಾಳೆ, ಶುಂಠಿ, ಅಡಿಕೆ, ಕಾಳುಮೆಣಸು, ಹೆಲಿಕೋನಿಯಾ ಎಲ್ಲದರಲ್ಲೂ ಬದುಕುತ್ತದೆ. ಇಂಡೊನೇಷ್ಯಾದ ಬಂಕಾ ದ್ವೀಪದಲ್ಲಿ ಕಳೆದ ಶತಮಾನದಲ್ಲಿ ಮೆಣಸಿನ ತೋಟಗಳು ಹಳದಿಯಾಗಿ ನಾಶವಾದದ್ದು ಇದೇ ಹುಳುವಿನಿಂದ. ಶುಂಠಿ ಬೆಳೆಯುವವರಿಗೆ ಇನ್ನೊಂದು ಭಯವೂ ಇದೆ: ಶುಂಠಿಗೆ ಸೊರಗು ತರುವ ದುಂಡಾಣುವಿನ ಗುಂಪಿನದೇ ದುಂಡಾಣು ಬಾಳೆಗೂ ಹೆಲಿಕೋನಿಯಾಕ್ಕೂ ಬರುತ್ತದೆ. ಅನುಮಾನ ಬಂದರೆ ಬಾಡಿದ ಕಾಂಡದ ತುಂಡನ್ನು ಗಾಜಿನ ಲೋಟದ ನೀರಿನಲ್ಲಿ ಹಿಡಿದು ನೋಡಿ. ಹಾಲಿನಂಥ ಬಿಳಿ ಎಳೆ ಇಳಿದರೆ ಆ ಗಿಡ ಸುಡಬೇಕು, ಅದಕ್ಕೆ ಬೇರೆ ಉಪಾಯ ಇಲ್ಲ.

ಹಾಗಂತ ಬೆಳೆಸಲೇಬೇಡಿ ಅಂತ ನಾನು ಹೇಳೋಲ್ಲ. ನಾನೇ ಬಿಟ್ಟಿಲ್ಲ. ಈಗ ಹೊಸ ಗೆಡ್ಡೆ ಬಂದರೆ ಮೊದಲು ಮಣ್ಣೆಲ್ಲ ತೊಳೆಯುತ್ತೇನೆ. ತೊಳೆದ ನೀರು ತೋಟದ ಕಡೆ ಹೋಗದ ಜಾಗದಲ್ಲಿ, ಇದು ಮುಖ್ಯ. ಹಳೇ ಬೇರನ್ನೆಲ್ಲ ಕತ್ತರಿಸಿ, ಗೆಡ್ಡೆಯ ಕಂದು ಭಾಗವನ್ನು ಬಿಳಿ ತಿರುಳು ಕಾಣುವವರೆಗೆ ಹೆರೆದು, ಆ ಚೂರನ್ನು ಒಲೆಗೆ ಹಾಕುತ್ತೇನೆ. ಆಮೇಲೆ 50 ಡಿಗ್ರಿ ಬಿಸಿ ನೀರಿನಲ್ಲಿ 10 ನಿಮಿಷ. ಕೈ ಅಂದಾಜು ಇಲ್ಲಿ ನಡೆಯೋಲ್ಲ, ಥರ್ಮಾಮೀಟರ್ ಬೇಕೇ ಬೇಕು. ಹೆಚ್ಚಾದರೆ ಗೆಡ್ಡೆ ಬೆಂದುಹೋಗುತ್ತೆ, ಕಮ್ಮಿಯಾದರೆ ಹುಳುವಿಗೆ ಅಭ್ಯಂಜನ ಮಾಡಿಸಿದ ಹಾಗೆ. ಆರಿದ ಮೇಲೆ ಟ್ರೈಕೋಡರ್ಮಾ ಕಲಸಿದ ನೀರಿನಲ್ಲಿ ಅದ್ದಿ ನೆಡುತ್ತೇನೆ. ಬಿಸಿ ನೀರಿನಿಂದ ಹುಳು ಕಮ್ಮಿಯಾಗುತ್ತೆ, ಪೂರ್ತಿ ಹೋಯಿತು ಅಂತ ನಂಬಬೇಡಿ. ಮೇಲೆ ಹೇಳಿದ ದುಂಡಾಣುವಿಗಂತೂ ಇದನ್ನು ನೆಚ್ಚಿಕೊಳ್ಳಬಾರದು.

ಅದಕ್ಕೇ ನೆಡೋದು ನೆಲಕ್ಕಲ್ಲ. ಅರ್ಧ ಕತ್ತರಿಸಿದ ಪ್ಲಾಸ್ಟಿಕ್ ಡ್ರಮ್ಮಿಗೆ ತೂತು ಮಾಡಿ, ಜಂಬಿಟ್ಟಿಗೆ ಮೇಲೆ ಕೂರಿಸಿ, ತೋಟಕ್ಕಿಂತ ತಗ್ಗಿನ ಜಾಗದಲ್ಲಿ ಇಡುತ್ತೇನೆ. ಮೂರು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ ಕೈ ಹಾಕಿ ಒಂದಿಷ್ಟು ಬೇರು ತೆಗೆದು ನೋಡೋದು. ಬೇರು ಬೆಳ್ಳಗೆ ಗಟ್ಟಿಯಾಗಿದ್ದರೆ ಸರಿ. ಗಂಟು ಅಥವಾ ಉದ್ದುದ್ದ ಕಂದು ಗಾಯ ಕಂಡರೆ ಡ್ರಮ್ಮಿನ ಮಣ್ಣು ಸಮೇತ ಹೊರಗೆ. ಡ್ರಮ್ಮಿನಿಂದ ಇನ್ನೊಂದು ಲಾಭ, ಈ ಗಿಡ ನೆಲದಡಿ ಓಡುತ್ತೆ. ಬಿಟ್ಟರೆ ಮೂರು ವರ್ಷಕ್ಕೆ ಹಿತ್ತಲೆಲ್ಲ ಅದರದ್ದೇ.

ಉಳಿದ ಆರೈಕೆ ಕಷ್ಟದ್ದಲ್ಲ. ಕೊಟ್ಟಿಗೆ ಗೊಬ್ಬರ, ಮಣ್ಣು, ಸ್ವಲ್ಪ ಮರಳು, ಒಂದು ಹಿಡಿ ಬೇವಿನ ಹಿಂಡಿ. ಗೆಡ್ಡೆ ಎರಡು-ಮೂರು ಇಂಚು ಆಳಕ್ಕೆ, ಹಳೇ ಕಾಂಡದ ತುಂಡು ಮೇಲ್ಮುಖವಾಗಿ. ಮಲೆನಾಡಿನವರು ಜೂನ್-ಜುಲೈನಲ್ಲಿ ನೆಡಬೇಡಿ, ಕೊಳೆಯುತ್ತೆ. ರೊಸ್ಟ್ರಾಟಕ್ಕೆ ಅರೆ ನೆರಳು ಸಾಕು. ಬಯಲುಸೀಮೆಯಲ್ಲಾದರೆ ಮಧ್ಯಾಹ್ನದ ಬಿಸಿಲು ತಪ್ಪಿಸಿ, ಬುಡಕ್ಕೆ ದರಗು ಮುಚ್ಚಿ. ಒಂದು ಕಾಂಡ ಒಂದೇ ಸಲ ಹೂ ಬಿಡುತ್ತೆ, ಬಾಳೆಗೊನೆಯ ಹಾಗೆ. ಹೂ ಮುಗಿದ ಕಾಂಡವನ್ನು ಬುಡಕ್ಕೇ ಕಡಿದುಬಿಡಿ, ಪಕ್ಕದ ಮರಿ ಮೇಲೆ ಬರುತ್ತೆ.

ನಾವು ಹೂ ಅನ್ನೋ ಕೆಂಪು ದೋಣಿಗಳು ನಿಜವಾಗಿ ಎಲೆಯ ರೂಪಾಂತರ, ಹೂವು ಅದರೊಳಗೆ ಸಣ್ಣದಾಗಿ ಇರುತ್ತೆ. ಇದನ್ನು ಹೇಳೋಕೆ ಕಾರಣ ಇದೆ. ಮೇಲ್ಮುಖವಾಗಿ ನಿಲ್ಲುವ ದೊಡ್ಡ ಜಾತಿಗಳಲ್ಲಿ ಆ ದೋಣಿಯಲ್ಲಿ ಮಳೆನೀರು ನಿಂತು ಸೊಳ್ಳೆ ಮರಿ ಮಾಡುತ್ತೆ. ಮಕ್ಕಳಿರುವ ಮನೆಯ ಬಾಗಿಲ ಬಳಿ ಅಂಥದ್ದು ಬೇಡ. ಕೆಳಮುಖವಾಗಿ ನೇತಾಡುವ ರೊಸ್ಟ್ರಾಟದಲ್ಲಿ ನೀರು ನಿಲ್ಲೋಲ್ಲ.

ಹೆಲಿಕೋನಿಯಾ ಬೀಜ, ಅದರಲ್ಲೂ ನೀಲಿ ಹೂವಿನದ್ದು ಅಂತ ಫೋಟೊ ಹಾಕಿ ಮಾರುವವರಿದ್ದಾರೆ. ನೀಲಿ ಹೂವಿನ ಹೆಲಿಕೋನಿಯಾ ಇಲ್ಲ, ಅಮೆರಿಕದ ಜಾತಿಗಳಲ್ಲಿ ನೀಲಿ ಆಗೋದು ಹಣ್ಣು. ಬೀಜ ಮೊಳೆಯೋಕೂ ತಿಂಗಳುಗಟ್ಟಲೆ ಬೇಕು. ದುಡ್ಡು ಕಳಕೊಳ್ಳಬೇಡಿ.

ಮಾರಬಹುದಾ ಅಂದರೆ, ನಾನು ಮಂಟಪ ಕಟ್ಟುವವರಿಗೆ ಒಂದಿಷ್ಟು ಕೊಟ್ಟಿದ್ದೇನೆ. ಬೆಳಗಿನ ತಂಪಿನಲ್ಲಿ, ಬೇಕಾದಷ್ಟು ದೋಣಿ ಅರಳಿದ ಮೇಲೆಯೇ ಕೊಯ್ಯಬೇಕು; ಕೊಯ್ದ ಮೇಲೆ ಮುಂದೆ ಅರಳೋಲ್ಲ. ಫ್ರಿಜ್ಜಿನಲ್ಲಿ ಇಟ್ಟರೆ ಕಪ್ಪಾಗುತ್ತೆ, ಅದು ಚಳಿ ತಡೆಯದ ಹೂವು. ಖಾಯಂ ಗಿರಾಕಿ ಸಿಗುವ ಮುಂಚೆ ಎಕರೆಗಟ್ಟಲೆ ಹಾಕೋ ಯೋಚನೆ ಮಾತ್ರ ಮಾಡಬೇಡಿ.

ಹನ್ನೊಂದು ಬಳ್ಳಿ ಹೋದ ಜಾಗದಲ್ಲಿ ಈಗ ಚೆಂಡು ಹೂ ಹಾಕಿದ್ದೇನೆ, ಅದರ ಬೇರಿಗೆ ಜಂತುಹುಳು ಕಮ್ಮಿಯಾಗುತ್ತೆ. ಪಕ್ಕದ ಬಾಳೆ ಹಿಂಡನ್ನೂ ಕಿತ್ತು ಸುಟ್ಟಾಯಿತು. ಹೊಸ ಮೆಣಸಿನ ಬಳ್ಳಿಯನ್ನು ಮಣ್ಣು ಪರೀಕ್ಷೆ ಇನ್ನೊಮ್ಮೆ ಮಾಡಿಸದೆ ಅಲ್ಲಿ ಹಚ್ಚೋದು ಬೇಡ ಅಂತ ಅಪ್ಪಯ್ಯನೂ ಒಪ್ಪಿದ್ದಾರೆ. ಟಾರ್ಚ್ ಜಿಂಜರ್ ಗೆಡ್ಡೆ ಒಂದು ಮೊನ್ನೆ ಬಂದಿದೆ, ಅದೂ ಶುಂಠಿ ಕುಲದ್ದೇ. ತೊಳೆದು ಡ್ರಮ್ಮಿನಲ್ಲಿ ಕೂರಿಸಿದ್ದೇನೆ. ಮೂರು ತಿಂಗಳ ಮೇಲೆ ಬೇರು ನೋಡಬೇಕು.